ನಿಂತ ನೀರು

ಮೂವತ್ತೊಂದು ವರ್ಷ ಅರಸೀಕೆರೆ ಜಂಕ್ಷನ್ನಿನಲ್ಲಿ
ಬೋಗಿಗಳಿಗೆ ನೀರು ತುಂಬಿದವನು ನಾನು.
ಪೈಪು ಸಿಕ್ಕಿಸು, ವಾಲ್ವು ತಿರುಗಿಸು,
ತುಂಬಿ ಹೊರಚೆಲ್ಲಿದರೆ ಕೈ ಎತ್ತು.
ಆ ನೀರು ಬೀರೂರು ದಾಟುವಷ್ಟರಲ್ಲಿ
ಯಾರ ಮುಖ ತೊಳೆಯಿತೋ, ಯಾರ ಕೂಸಿನ ಅಂಡು ತೊಳೆಯಿತೋ
ನನಗೆ ಬೇಕಿರಲಿಲ್ಲ.
ಹೋಗುವ ನೀರಿಗೆ ಲೀಟರಿನ ಲೆಕ್ಕ ಸಾಕು.

ಈಗ ತಿಪಟೂರು ರಸ್ತೆಯಲ್ಲಿ
ನಾಲ್ಕು ವರ್ಷ ಮುಚ್ಚಿಬಿದ್ದಿದ್ದ ಈಜುಕೊಳ ನನ್ನದು.
ನೀಲಿ ಟೈಲ್ಸು, ಎರಡು ಬಟ್ಟೆ ಬದಲಿಸುವ ಕೋಣೆ,
'ಆಳ ಎಂಟು ಅಡಿ' ಎಂದು ಬರೆದಲ್ಲಿ ಎಂಟು ಅಳಿಸಿಹೋಗಿದೆ.
"ರಿಟೈರಾದ ದುಡ್ಡಲ್ಲಿ ಜನ ಸೈಟು ತಗೋತಾರೆ,
ನೀವು ಗುಂಡಿ ತಗೊಂಡ್ರಲ್ಲ" ಅಂದಳು ಸರ್ವಮಂಗಳ.
ನನಗೆ ಈಜು ಬರುವುದಿಲ್ಲ; ಅದನ್ನೂ ಅವಳೇ ನೆನಪಿಸಿದಳು.

ಬೋರ್‌ವೆಲ್ಲಿನ ಗಡಸು ನೀರು,
ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುವಂಥದು.
ಅಂಗಡಿ ಹುಡುಗ "ಆಸಿಡ್ ಹಾಕಿ ಸಾರ್" ಅಂದ. ಹಾಕಿದೆ.
ಇನ್ನಷ್ಟು ಹಾಕಿದೆ.
ನೀರು ಸಾಣೆ ಹಿಡಿದ ಮಚ್ಚಿನ ಹಾಗೆ ಹೊಳೆಯಿತು.
ಎಂಟು ವರ್ಷದ ತೌಫೀಕ್ ಮೇಲೆ ಬಂದು
ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಹೇಳಿದ:
"ನಾನು ಅಳ್ತಿಲ್ಲ ತಾತ, ನೀರು ಅಳಿಸ್ತಿದೆ."

ಗಾಬರಿಗೆ ಸೋಡಾ ಬೂದಿ ಸುರಿದೆ,
ಒಂದು ಚೀಲ, ಒಂದೇ ಉಸಿರಿಗೆ.
ಬೆಳಿಗ್ಗೆ ಬಂದರೆ ಕೊಳವೆಲ್ಲ ಅಕ್ಕಚ್ಚು.
ಮೂರನೇ ದಿನ ಮೂಲೆಗಳಲ್ಲಿ ಹಸಿರು, ಮೂಗಿಗೆ ಅಡರುವ ಘಾಟು.
ಕ್ಲೋರಿನ್ ಹೆಚ್ಚಾಯಿತೆಂದು ನಿಲ್ಲಿಸಿಯೇಬಿಟ್ಟೆ.

ತೌಫೀಕನ ತಾಯಿ ಶಾಹಿದಾ ಮೇಡಂ
ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವರು.
ಬೈಯಲು ಬಂದವರು ಬಗ್ಗಿ ಮೂಸಿ ನೋಡಿದರು.
"ಘಾಟು ಹೊಡೆದ್ರೆ ಹೆಚ್ಚಾಗಿದೆ ಅಂತಲ್ಲ ರೀ, ಸಾಲ್ತಿಲ್ಲ ಅಂತ.
ಬೆವರಿನ ಜೊತೆ ಸೆಣಸಿ ಸೋತ ಕ್ಲೋರಿನ್ನಿನ ವಾಸನೆ ಅದು."
ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.
ಪ್ಲಾಟ್‌ಫಾರ್ಮ್ ಉದ್ದಕ್ಕೂ ಕಿರುಚಾಡುತ್ತಿದ್ದ
ನಮ್ಮ ಹಳೇ ಸೂಪರ್‌ವೈಸರ್ ನೆನಪಾದ.
ಅವನಿಗೂ ಏನು ಸಾಲದೆ ಹೋಗಿತ್ತೋ.

ಮೇಡಂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೊಟ್ಟರು:
ಮೊದಲು ಕ್ಷಾರೀಯತೆ. ಅದು ಗೂಟ.
ಗೂಟ ಸಡಿಲವಾದರೆ ಪಿಎಚ್ ಎಂಬ ಕರು
ಕಂಡಕಂಡ ಹೊಲಕ್ಕೆ ನುಗ್ಗುತ್ತದೆ.
ಆಸಿಡ್ಡಿಗೆ ನೀರಲ್ಲ, ನೀರಿಗೆ ಆಸಿಡ್.
ಒಂದು ಲೋಟ ಹಾಕಿ, ಪಂಪು ಓಡಿಸಿ, ಕಾಯಿರಿ.
"ಎಷ್ಟು ಹೊತ್ತು?"
"ಆರು ಗಂಟೆ."
ನನ್ನ ಕೈಗೆ ಗೊತ್ತಿದ್ದದ್ದು ಹನ್ನೆರಡು ನಿಮಿಷದ ಹಾಲ್ಟು.

ಸಂತೆ ಬೀದಿಯಲ್ಲಿ ಹದಿನೈದು ಕೆಜಿ ಅಡುಗೆ ಸೋಡಾ ಕೇಳಿದರೆ
ಶೆಟ್ಟರು ಕನ್ನಡಕ ಹಣೆಗೇರಿಸಿದರು:
"ಯಾವ ಛತ್ರ? ಎಷ್ಟು ಸಾವಿರ ಬೋಂಡ?"
ಬೋಂಡ ಅಲ್ಲ ಶೆಟ್ರೆ, ನೀರಿಗೆ, ಅಂದೆ.
ಚೀಟಿಯಲ್ಲಿ ಅವರು 'ಬೋಂಡ' ಎಂದೇ ಬರೆದರು.

ಅಂದಿನಿಂದ ದಿನಾ ಐದೂವರೆಗೆ
ಗಾಜಿನ ನಳಿಕೆಯಲ್ಲಿ ಕೊಳದ ಒಂದು ಗುಟುಕು ಹಿಡಿದು
ಐದು ಹನಿ ಕೆಂಪು ಬಿಟ್ಟು
ಸುಣ್ಣದ ಗೋಡೆಗೆ ಎದುರಾಗಿ ನೋಡುತ್ತೇನೆ.
ನಿಂಬೆಯ ಹಳದಿಯಾದರೆ ಹುಳಿ. ದಾಸವಾಳವಾದರೆ ಸೋಡಾ ಮೀರಿದೆ.
ನಡುವೆ ಒಂದು ಬಣ್ಣವುಂಟು,
ಹಣ್ಣಾಗಲು ಎರಡು ದಿನ ಬಾಕಿಯಿರುವ ಟೊಮೇಟೊದ್ದು.
ಹೆಸರು ಗೊತ್ತಿಲ್ಲ; ಕಂಡರೆ ಗುರುತು ಸಿಗುತ್ತದೆ.

ಆಳದ ಕಡೆ ಐದು ರೂಪಾಯಿ ನಾಣ್ಯ ಎಸೆದಿದ್ದೆ.
ಮೊನ್ನೆಯವರೆಗೆ ಅದೊಂದು ಮಸುಕು.
ನಿನ್ನೆ ದುಂಡಗಾಯಿತು.
ಇವತ್ತು ಸಿಂಹ ಕಂಡಿತು, ಮೂರೂ ತಲೆ.
ಪಂಚೆ ಮೇಲೆತ್ತಿ ದಡದಲ್ಲಿ ಕೂತು
ಮೊಣಕಾಲತನಕ ಇಳಿಬಿಟ್ಟೆ.
ದೂರದಲ್ಲಿ ಪ್ಯಾಸೆಂಜರ್ ಗಾಡಿ ಹಾದುಹೋಯಿತು.
ನೀರು ಚೂರು ನಡುಗಿತು,
ಎಲ್ಲಿಗೂ ಹೋಗಲಿಲ್ಲ.

ನೋಟ್‌ಬುಕ್ಕಿನಲ್ಲಿ ಇಂದು:
ಪಿಎಚ್ ಏಳೂವರೆ. ಕ್ಲೋರಿನ್ ಎರಡು.
ಮಕ್ಕಳು ಹದಿನಾಲ್ಕು. ಕೆಂಪು ಕಣ್ಣು, ಇಲ್ಲ.
ಸರ್ವಮಂಗಳ ಗೇಟಿನವರೆಗೆ ಬಂದು ಹೋದಳು.
ಸಂಜೆ ಮತ್ತೆ ನೋಡಬೇಕು,
ಬಿಸಿಲು ಅರ್ಧ ತಿಂದಿರುತ್ತದೆ.